ಅಟ್ಲಾಂಟಿಕ್ ದಾಟಬಹುದು, ಸಕಲೇಶಪುರ ದಾಟುವುದೇ ಕಷ್ಟ

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದೇ ಒಂದು ನದಿ ಇಲ್ಲ. ಹಾಗಾಗಿ ನಮ್ಮ ಚಿಕ್ಕಪ್ಪ ನೇರವಾಗಿ ಅಟ್ಲಾಂಟಿಕ್‌ಗೇ ಕೈ ಹಾಕಿದ್ದಾರೆ.

ಅವರಿಗೆ ವೇಮಗಲ್ ಕಡೆ ಸ್ವಲ್ಪ ಜಮೀನಿತ್ತು. ಅದರಲ್ಲಿ ಬೋರ್‌ವೆಲ್ ಕೊರೆಸಿ ಕೊರೆಸಿ ಸೋತರು. ಕೊನೆಯದು 1,400 ಅಡಿ ಹೋಯಿತು, ಬರೀ ಧೂಳು ಬಂತು. ಆಮೇಲೆ ಲೇಔಟ್‌ನವರಿಗೆ ಮಾರಿದರು. ಈಗ ಆ ಲೇಔಟ್‌ನ ಹೆಸರಿನಲ್ಲಿ ಒಂದು ಸರೋವರ ಇದೆ, ಜಾಗದಲ್ಲಿ ಇಲ್ಲ. ಬಂದ ದುಡ್ಡಿನಲ್ಲಿ ಫ್ಲಾರಿಡಾದ ಮಗಳನ್ನು ನೋಡಿ ಬರಬೇಕು ಅನ್ನೋದು ಚಿಕ್ಕಮ್ಮನ ಆಸೆ. ವಿಮಾನದಲ್ಲಿ ಎಲ್ಲರೂ ಹೋಗ್ತಾರೆ, ನಾನು ಹಡಗಿನಲ್ಲೇ ಹೋಗೋದು ಅನ್ನೋದು ಚಿಕ್ಕಪ್ಪನ ಹಠ. "ನೀರು ಹುಡುಕಿಕೊಂಡು ಕೆಳಗೆ ಹೋಗಿದ್ದು ಸಾಕು ಕಣೋ. ಈ ಸಲ ನೀರಿನ ಮೇಲೆ ಹೋಗ್ತೀನಿ" ಅಂದರು. ಇದಕ್ಕೆ ಎದುರು ಮಾತಾಡೋದು ಹೇಗೆ?

ಮೊದಲು ಅವರ ಕಣ್ಣು ಬಿದ್ದಿದ್ದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ 'ಕ್ವೀನ್ ಮೇರಿ 2' ಮೇಲೆ. 2004ರಲ್ಲಿ ಓಡಾಟ ಶುರು ಮಾಡಿದ ಹಡಗು. ಸಾಮಾನ್ಯವಾಗಿ ಏಳು ರಾತ್ರಿಯ ಪ್ರಯಾಣ. ಅದರಲ್ಲಿ ನಾಯಿಗಳಿಗೂ ಬೇರೆ ಗೂಡುಗಳಿವೆ, ನೋಡಿಕೊಳ್ಳಲು ಆಳೂ ಇದ್ದಾನೆ. ಆದರೆ ಅದಕ್ಕೆ ಬ್ರಿಟನ್ ವೀಸಾ ಬೇರೆ, ನ್ಯೂಯಾರ್ಕ್‌ನಿಂದ ಫ್ಲಾರಿಡಾಕ್ಕೆ ಮತ್ತೆ ವಿಮಾನ ಬೇರೆ. ಚಿಕ್ಕಮ್ಮ ಬೇಡ ಅಂದರು. ಹಾಗಾಗಿ ಸ್ಪೇನಿನ ಬಾರ್ಸಿಲೋನಾದಿಂದ ಫ್ಲಾರಿಡಾದ್ದೇ ಆದ ಮಯಾಮಿಗೆ ಹೋಗುವ ಹಡಗು ಗೊತ್ತಾಯಿತು. ಅದೂ ಅಕ್ಟೋಬರ್ ಕೊನೆಗೆ.

ಯಾಕೆ ಆಗಲೇ ಅಂದರೆ, ಆಗ ದರ ಕಡಿಮೆ. ಮೆಡಿಟರೇನಿಯನ್ ಕಡೆ ಬೇಸಿಗೆ ಮುಗಿದ ಮೇಲೆ ಹಡಗುಗಳಿಗೆ ಅಲ್ಲಿ ಕೆಲಸ ಕಡಿಮೆ. ಚಳಿಗಾಲದ ಗಿರಾಕಿಗಳೆಲ್ಲ ಕೆರಿಬಿಯನ್‌ನಲ್ಲಿ. ಹಾಗಾಗಿ ಹಡಗುಗಳು ಬರದ ವರ್ಷ ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಜನರ ಹಾಗೆ ಸಾಲಾಗಿ ಸಮುದ್ರ ದಾಟುತ್ತವೆ. ಹೇಗಿದ್ದರೂ ಹೋಗಲೇಬೇಕು, ಖಾಲಿ ಹೋಗೋ ಬದಲು ಜನರನ್ನು ತುಂಬಿಕೊಂಡು ಹೋಗ್ತಾರೆ. ಎರಡು ವಾರದ ಪ್ರಯಾಣ, ಸುಮಾರು ಎಂಟು ಸಾವಿರ ಕಿಲೋಮೀಟರ್. ದಾರಿಯಲ್ಲಿ ಸ್ಪೇನಿನ ಒಂದೆರಡು ಬಂದರು, ಮಡೀರಾ ಅಥವಾ ಕ್ಯಾನರಿ ದ್ವೀಪ. ಆಮೇಲೆ ಆರೇಳು ದಿನ ಸುತ್ತಲೂ ನೀರು ಬಿಟ್ಟರೆ ಬೇರೇನೂ ಇಲ್ಲ.

ಆರೇಳು ದಿನ ಬರೀ ನೀರು! ಚಿಕ್ಕಪ್ಪ ಇದನ್ನು ಓಣಿಯ ಎಲ್ಲರಿಗೂ ಹೇಳಿದರು. ನಮ್ಮಲ್ಲಿ ಆರೇಳು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಂದರೆ ಹಬ್ಬ.

ಅಟ್ಲಾಂಟಿಕ್ ಅಂದ ಮೇಲೆ ಕೊಲಂಬಸ್ ಬರಲೇಬೇಕಲ್ವಾ? ಚಿಕ್ಕಪ್ಪ ಅವನ ದಿನಚರಿ ಹುಡುಕಿ ತೆಗೆದರು. 1492ರ ಸೆಪ್ಟೆಂಬರ್ 6ರಂದು ಅವನು ಕ್ಯಾನರಿ ದ್ವೀಪದಿಂದ ಪಶ್ಚಿಮಕ್ಕೆ ಹೊರಟ. ಅಕ್ಟೋಬರ್ 12ಕ್ಕೆ ನೆಲ ಸಿಕ್ಕಿತು. 36 ದಿನ. ಮೂರು ಮರದ ಹಡಗು ಬಿಟ್ಟರೆ ಕೈಯಲ್ಲಿ ಸರಿಯಾದ ನಕ್ಷೆಯೂ ಇಲ್ಲ, ಡಿಪಿಆರ್ ಅನ್ನೋ ವಿಸ್ತೃತ ಯೋಜನಾ ವರದಿ ಅಂತೂ ಮೊದಲೇ ಇಲ್ಲ.

ಈಗ ಇನ್ನೊಂದು ಸೆಪ್ಟೆಂಬರ್ 6 ನೋಡಿ. 2024ರದ್ದು, ಗೌರಿ ಹಬ್ಬದ ದಿನ. ಸಕಲೇಶಪುರದ ಹತ್ತಿರ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಉದ್ಘಾಟನೆ ಆಯಿತು. ಪಶ್ಚಿಮ ಘಟ್ಟದಿಂದ 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಸೇರಿದಂತೆ ಬಯಲುಸೀಮೆಗೆ ಕೊಡುವ ಯೋಜನೆ. 2014ರಲ್ಲೇ ಶಂಕುಸ್ಥಾಪನೆ ಆಗಿತ್ತು. ಆಗ ಹೇಳಿದ ವೆಚ್ಚ 12,912 ಕೋಟಿ ರೂಪಾಯಿ, ಆಮೇಲೆ ಅದು 23,251 ಕೋಟಿಗೆ ಏರಿತು. ನಡು ಸಮುದ್ರದಿಂದ ಪರಿಷ್ಕೃತ ಅಂದಾಜುಪಟ್ಟಿ ಕಳಿಸುವ ಸೌಲಭ್ಯ ಪಾಪ ಕೊಲಂಬಸ್‌ಗೆ ಇರಲಿಲ್ಲ.

ಗೌರಿ ಹಬ್ಬದ ದಿನ ನೀರೇನೋ ಹೊರಟಿತು. ಆದರೆ ಸುಮಾರು 250 ಕಿಲೋಮೀಟರ್ ಉದ್ದದ ಕಾಲುವೆ ಇನ್ನೂ ಪೂರ್ತಿ ಆಗಿರಲಿಲ್ಲ. ಹಾಗಾಗಿ ಅದು ವೇದಾವತಿ ಕಡೆ ತಿರುಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಯಿತು. ಕೊಲಂಬಸ್‌ನೂ ಇಂಡಿಯಾಕ್ಕೆ ಅಂತ ಹೊರಟು ಬಹಾಮಾಸ್ ಸೇರಿದ್ದ. ಸೆಪ್ಟೆಂಬರ್ 6ರ ಮುಹೂರ್ತವೇ ಹಾಗಿರಬೇಕು. ಹೊರಡೋದಕ್ಕೆ ಒಳ್ಳೆಯದು, ಹೇಳಿದ ಕಡೆ ಸೇರೋದಕ್ಕೆ ಅಲ್ಲ. ಹಿರಿಯೂರಿನವರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ, ಅವರೂ ಒಣಗಿದವರೇ. ಕೊಲಂಬಸ್ ಕೊನೆಯವರೆಗೂ ತಾನು ಏಷ್ಯಾಕ್ಕೇ ಬಂದಿದ್ದೇನೆ ಅಂತ ಸಾಧಿಸಿದನಂತೆ. ಭಾಷಣಗಳಲ್ಲಿ ಕೋಲಾರಕ್ಕೂ ಆಗಲೇ ನೀರು ಬಂದಾಗಿದೆ.

ಇರಲಿ, ವೀಸಾಕ್ಕೆ ಬರೋಣ.

ಬಾರ್ಸಿಲೋನಾದಲ್ಲಿ ಹಡಗು ಹತ್ತಬೇಕಾದರೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಒಬ್ಬರಿಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಚಿಕಿತ್ಸೆ ವೆಚ್ಚ ಭರಿಸುವ ವಿಮೆ. ಮಯಾಮಿಯಲ್ಲಿ ಇಳಿಯೋಕೆ ಅಮೆರಿಕ ವೀಸಾ, ಅದಕ್ಕೆ 185 ಡಾಲರ್. ಹಡಗಿನಲ್ಲಿ ಬಂದರೆ ರಿಯಾಯಿತಿ ಏನೂ ಇಲ್ಲ. ಅಮೆರಿಕದ ದೂತಾವಾಸ ಬೆಂಗಳೂರಿಗೇ ಬಂದಿದೆಯಲ್ಲಾ ಅಂತ ಚಿಕ್ಕಪ್ಪ ಖುಷಿಯಲ್ಲಿದ್ದರು. ಬಂದಿದೆ, 2025ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. ಆದರೆ ಅವತ್ತೇ ವೀಸಾ ಕೊಡುವ ಕೆಲಸ ಶುರುವಾಗಲಿಲ್ಲ. ಉದ್ಘಾಟನೆ ಬೇರೆ, ಕೆಲಸ ಬೇರೆ ಅನ್ನೋದನ್ನು ಅಮೆರಿಕದವರೂ ಕರ್ನಾಟಕಕ್ಕೆ ಬಂದ ಕೂಡಲೇ ಕಲಿತುಬಿಟ್ಟರು. ಚಿಕ್ಕಪ್ಪ ಚೆನ್ನೈಗೆ ಹೋಗೋದು ಅಂತ ತೀರ್ಮಾನ ಆಯಿತು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಯಿತು ಬಿಡಿ.

ಅಮೆರಿಕದ ಅರ್ಜಿಯ ಹೆಸರು ಡಿಎಸ್-160. ನೀವು ಭಯೋತ್ಪಾದಕರೇ ಅಂತ ಅದರಲ್ಲಿ ಬಹಳ ವಿನಯದಿಂದ ಕೇಳ್ತಾರೆ. ಐದು ವರ್ಷದಿಂದ ಯಾವ ಯಾವ ಸೋಷಿಯಲ್ ಮೀಡಿಯಾದಲ್ಲಿ ಇದ್ದೀರಿ ಅಂತಲೂ ಬರೆಯಬೇಕು. ಚಿಕ್ಕಪ್ಪ ಬೆಳಗಿನ ಗುಲಾಬಿ ಹೂವಿನ ಶುಭೋದಯ ಬಿಟ್ಟರೆ ಬೇರೇನೂ ಕಳಿಸಿದವರಲ್ಲ, ಆದರೂ ಎರಡು ದಿನ ನಿದ್ದೆ ಬರಲಿಲ್ಲ. ನೀವು ಯಾವುದಾದರೂ ಕುಲ ಅಥವಾ ಬುಡಕಟ್ಟಿಗೆ ಸೇರಿದವರೇ ಅನ್ನೋ ಪ್ರಶ್ನೆಗೆ ಮಾತ್ರ ಅವರಿಗೆ ಭಾರಿ ಉತ್ಸಾಹ. 2025ರ ನಮ್ಮ ರಾಜ್ಯದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿಗೆ ಉತ್ತರ ಕೊಟ್ಟು ಪಳಗಿದವರು. ಒಳಪಂಗಡವನ್ನೂ ಬರೀಲಾ ಅಂತ ಕೇಳಿದರು. ಅಮೆರಿಕದವರು ಮೀಸಲಾತಿ ಕೊಡಲ್ಲ ಚಿಕ್ಕಪ್ಪಾ ಅಂದೆ. ಹಾಗಾದರೆ ಯಾಕೆ ಕೇಳ್ತಾರೆ ಅಂದರು. ನ್ಯಾಯವಾದ ಪ್ರಶ್ನೆ.

ಆಮೇಲೆ ರೂಮಿನ ಗಲಾಟೆ. ಎಲ್ಲಕ್ಕಿಂತ ಅಗ್ಗದ ರೂಮಿಗೆ ಕಿಟಕಿ ಇರೋದಿಲ್ಲ. ಹಡಗಿನ ಹೊಟ್ಟೆಯೊಳಗೆ ಇರುತ್ತದೆ, ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗಲ್ಲ. "ಜಮೀನು ಮಾರಿ ಸಮುದ್ರ ನೋಡೋಕೆ ಹೋಗಿ ಗೋಡೆ ನೋಡಿಕೊಂಡು ಮಲಗಬೇಕಾ?" ಅಂದರು ಚಿಕ್ಕಮ್ಮ. ಅದರಲ್ಲೇ ಇನ್ನೂ ಅಗ್ಗದ 'ಗ್ಯಾರಂಟಿ' ದರ ಅಂತ ಒಂದಿದೆ. ದುಡ್ಡು ಈಗ ಕಟ್ಟಬೇಕು, ಯಾವ ರೂಮು ಅಂತ ಹಡಗಿನವರು ಅವರಿಗೆ ಅನುಕೂಲವಾದಾಗ ಹೇಳ್ತಾರೆ. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಚರ್ಚೆ ನಡೆದಿದ್ದು ನೀರಿನ ವಿಷಯದಲ್ಲಿ. "ಅಷ್ಟು ಸಾವಿರ ಜನ ಎರಡು ವಾರ. ಕುಡಿಯೋಕೆ, ಸ್ನಾನಕ್ಕೆ ನೀರೆಲ್ಲಿಂದ? ಟ್ಯಾಂಕರ್ ಅಲ್ಲಿಗೆ ಬರುತ್ತಾ?" ಅಂತ ಚಿಕ್ಕಮ್ಮ ಕೇಳಿದರು. ಬರಲ್ಲ. ಹಡಗಿನಲ್ಲೇ ಉಪ್ಪು ನೀರನ್ನು ಸಿಹಿ ಮಾಡ್ತಾರೆ. ಎಂಜಿನ್‌ನಿಂದ ಸುಮ್ನೆ ಹಾಳಾಗುವ ಶಾಖದಲ್ಲೇ ಸಮುದ್ರದ ನೀರನ್ನು ಕಾಯಿಸುತ್ತಾರೆ. ಒಳಗಿನ ಗಾಳಿ ಹೀರಿ ಒತ್ತಡ ಕಡಿಮೆ ಮಾಡಿರುವುದರಿಂದ ಅದು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಆ ಆವಿಯನ್ನು ಮತ್ತೆ ನೀರು ಮಾಡ್ತಾರೆ. ಇಲ್ಲವೇ ನಮ್ಮೂರಿನ ಆರ್‌ಒ ಘಟಕದ ಹಾಗೆ ಪೊರೆಯ ಮೂಲಕ ಒತ್ತಿ ಸೋಸುತ್ತಾರೆ. ಆಮೇಲೆ ಖನಿಜ, ಕ್ಲೋರಿನ್ ಸೇರಿಸಿ ನಲ್ಲಿಗೆ ಬಿಡ್ತಾರೆ. 24 ಗಂಟೆ. ಬಿಸಿ ಬೇರೆ, ತಣ್ಣೀರು ಬೇರೆ. ಈಜುಕೊಳ ಬೇರೆ. ಚಿಕ್ಕಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಊರಿನಿಂದ ಬಂದವರು ಅವರು.

"ಬಳಸಿದ ನೀರು?" ಅಂದರು ಕೊನೆಗೆ.

ಅದಕ್ಕೂ ಅಂತರರಾಷ್ಟ್ರೀಯ ನಿಯಮ ಇದೆ, ಮಾರ್ಪೋಲ್ ಅಂತ. ಶುದ್ಧ ಮಾಡದ ಶೌಚದ ನೀರನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆಗೆ ಹೋದ ಮೇಲೆಯೇ ಬಿಡಬೇಕು, ಅಂದರೆ ಸುಮಾರು 22 ಕಿಲೋಮೀಟರ್. ಆಗಲೂ ಹಡಗು ನಿಂತಿರಬಾರದು, ಕನಿಷ್ಠ 4 ನಾಟ್, ಅಂದರೆ ಗಂಟೆಗೆ ಸುಮಾರು ಏಳು ಕಿಲೋಮೀಟರ್ ವೇಗದಲ್ಲಿ ಓಡುತ್ತಿರಬೇಕು. ನಮ್ಮ ರಾಜಧಾನಿ ಈ ವಿಷಯದಲ್ಲಿ ಹಡಗಿಗಿಂತ ಎಷ್ಟೋ ಮುಂದಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಸುಮಾರು 70 ಕಿಲೋಮೀಟರ್ ದೂರದ ನಮಗೆ ಕಳಿಸುತ್ತದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗೆ ಅನ್ನೋದು ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ನೀರಿನ ಹಿಂದೆಯೇ ನೊರೆ ಬಂತು, ನೊರೆಯ ಹಿಂದೆ ಕೋರ್ಟು ಬಂತು. ಒಂದು ಮಾತು ಒಪ್ಪಬೇಕು, ಆ ನೀರು ಬಂದ ಮೇಲೆ ಸುತ್ತಮುತ್ತ ಬೋರ್‌ವೆಲ್‌ಗಳಲ್ಲಿ ನೀರು ಮೇಲೇರಿತು, ಕೆರೆಗಳಲ್ಲಿ ಅಲೆ ಕಂಡಿತು. ಮೂರನೇ ಹಂತವೂ ಶುದ್ಧ ಮಾಡಿ ಅಂತ ರೈತರು ಅವತ್ತಿನಿಂದ ಕೇಳುತ್ತಿದ್ದಾರೆ. ಹಡಗಿನಲ್ಲಿ ಪ್ರಯಾಣಿಕ ಕುಡಿಯುವ ನೀರು ಒಂದು ಕಡೆ, ಬಿಡುವ ನೀರು ಇನ್ನೊಂದು ಕಡೆ. ಇಲ್ಲಿ ಬೆಂಗಳೂರು ಹಡಗು, ನಾವು ಸಮುದ್ರ. ಸಮುದ್ರಕ್ಕೆ ಮೂರನೇ ಹಂತ ಯಾಕೆ ಬೇಕು ಅನ್ನೋದು ಅವರ ಲೆಕ್ಕ ಇರಬಹುದು.

ಕರಾರುಪತ್ರವನ್ನೂ ಓದಿದೆವು. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಹಾಗಾಗಿ ಕ್ಯಾಪ್ಟನ್ ದಾರಿ ಬದಲಿಸಬಹುದು, ಬಂದರು ಬಿಟ್ಟೇ ಹೋಗಬಹುದು, ಯಾರೂ ಕೇಳುವ ಹಾಗಿಲ್ಲ. ಆದರೆ ಬಂದರು ತಪ್ಪಿದರೆ ಆ ಬಂದರಿನ ಶುಲ್ಕವನ್ನು ಸಾಮಾನ್ಯವಾಗಿ ವಾಪಸ್ ಕೊಡ್ತಾರೆ. ಚಿಕ್ಕಪ್ಪ ಈ ಸಾಲನ್ನು ಮೂರು ಸಲ ಓದಿಸಿಕೊಂಡರು. ನೀರು ಬಾರದ ತಿಂಗಳ ನೀರಿನ ಕಂದಾಯ ವಾಪಸ್ ಬಂದಿದ್ದನ್ನು ಅವರು ಈ ಜನ್ಮದಲ್ಲಿ ನೋಡಿಲ್ಲ. ಟಿಪ್ಸ್ ಕೂಡ ಬಿಲ್ಲಿಗೇ ಸೇರಿಸುತ್ತಾರೆ, ದಿನಕ್ಕೆ ತಲೆಗೆ 16ರಿಂದ 20 ಡಾಲರ್. "ನಮ್ಮಲ್ಲೂ ತಗೋತಾರೆ, ರಸೀದಿ ಕೊಡಲ್ಲ ಅಷ್ಟೇ" ಅಂದರು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತರುವ ಹಾಗಿಲ್ಲ, ಬೆಂಕಿಯ ಭಯ. ಅಲ್ಲಿಗೆ ಚಿಕ್ಕಮ್ಮ ಕಟ್ಟಿಟ್ಟಿದ್ದ ಐದು ಕೆಜಿ ರಾಗಿಹಿಟ್ಟಿನ ಯೋಜನೆ ರದ್ದಾಯಿತು. ಪಶ್ಚಿಮಕ್ಕೆ ಹೋಗುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆ ದಿನಗಳಿಗೆ 25 ಗಂಟೆ. ಇದನ್ನು ಗುತ್ತಿಗೆದಾರರಿಗೆ ಹೇಳಬೇಡಿ, ಕಾಮಗಾರಿ ಅವಧಿ ವಿಸ್ತರಣೆಗೆ ಹೊಸ ಕಾರಣ ಸಿಕ್ಕಿಬಿಡುತ್ತದೆ.

ಹಡಗು ಹೊರಡುವ ಹೊತ್ತು ಈಗಲೇ ಅಚ್ಚಾಗಿದೆ. ಹೊರಡಲು ಒಂದು ಗಂಟೆ, ಒಂದೂವರೆ ಗಂಟೆ ಇರುವಾಗಲೇ ಬಾಗಿಲು ಹಾಕ್ತಾರೆ. ಓಡಿ ಬರುವವರನ್ನು ಕಂಡು ಸೀಟಿ ಹೊಡೆದು ನಿಲ್ಲಿಸೋಕೆ ಅದು ಕೋಲಾರದ ಬಸ್ಸಲ್ಲ. ಎಂಟು ಸಾವಿರ ಕಿಲೋಮೀಟರ್ ಆಚೆ ಮಯಾಮಿಗೆ ಯಾವ ಬೆಳಗ್ಗೆ, ಎಷ್ಟು ಗಂಟೆಗೆ ಅನ್ನೋದೂ ಅಚ್ಚಾಗಿದೆ. ಎಲ್ಲ ಸರಿ ಹೋಯಿತು ಅನ್ನುವಷ್ಟರಲ್ಲಿ ಚಿಕ್ಕಮ್ಮ ಒಂದು ಮಾತು ತೆಗೆದರು.

"ನಾವಿಬ್ಬರೂ ಹೋದರೆ, ನೀರು ಬಂದ ದಿನ ಸಂಪು ತುಂಬಿಸೋರು ಯಾರು?"

ಪ್ರಯಾಣದ ಮುಂಗಡ ವಾಪಸ್ ಕೇಳುವ ಗಡುವು ಮುಗಿಯುತ್ತಾ ಬಂದಿತ್ತು. ಚಿಕ್ಕಪ್ಪ ಹಡಗಿನ ವೇಳಾಪಟ್ಟಿಯ ಪ್ರಿಂಟ್ ಹಿಡಿದುಕೊಂಡು ವಾರ್ಡಿನ ವಾಟರ್‌ಮ್ಯಾನ್ ಹತ್ತಿರ ಹೋದರು. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ನಮ್ಮ ಬೀದಿಗೆ ಯಾವ ಯಾವ ದಿನ ನೀರು ಬಿಡ್ತೀಯಪ್ಪಾ ಅಂತ ಕೇಳಿದರು. ಅವನು ಆ ಹಾಳೆಯನ್ನು ಈ ಕಡೆಯಿಂದ ಆ ಕಡೆಗೆ ಓದಿದ. ಆಮೇಲೆ ಮಡಚಿ ಚಿಕ್ಕಪ್ಪನ ಜೇಬಿಗೇ ಹಾಕಿದ.

"ನೀವು ಧೈರ್ಯವಾಗಿ ಹೋಗಿ ಬನ್ನಿ ಸಾರ್" ಅಂದ. "ನೀವು ಬರೋದ್ರೊಳಗೆ ಬರಲ್ಲ ಬಿಡಿ."