ಎಡಗಾಲಿಗೆ ಬ್ರೇಕ್ ಕೊಡಬೇಕಾ?

ಮೈಸೂರಲ್ಲಿ ಆಟೋಕ್ರಾಸ್‌ಗೆ (ಮಣ್ಣಿನ ಮೈದಾನದ ಟ್ರ್ಯಾಕಿನಲ್ಲಿ ಸಮಯದ ಲೆಕ್ಕದ ಕಾರು ಸ್ಪರ್ಧೆಗೆ) ಇಳಿಯುವ ಹೊಸಬರು ಎಡಗಾಲಲ್ಲಿ ಬ್ರೇಕ್ ಹಿಡಿಯುವುದನ್ನು ಮೊದಲೇ ಕಲಿಯಬೇಕಾ? ಮಾತು ಟ್ರ್ಯಾಕಿನದು ಮಾತ್ರ. ಚಾಮುಂಡಿ ಬೆಟ್ಟದ ರಸ್ತೆಯದಲ್ಲ, ದಯವಿಟ್ಟು.

ಪರ: ಕಲಿಯಲೇಬೇಕು

ಲಲಿತಮಹಲ್ ಹೆಲಿಪ್ಯಾಡ್ ಮೈದಾನದಂಥ ಕಡೆ ಟ್ರ್ಯಾಕ್ ಚಿಕ್ಕದು, ತಿರುವು ಜಾಸ್ತಿ. ಎರಡನೇ ಗೇರ್ ಬಿದ್ದ ಮೇಲೆ ಎಷ್ಟೋ ತಿರುವು ಅದರಲ್ಲೇ ಮುಗಿಯುತ್ತವೆ. ಅಷ್ಟು ಹೊತ್ತು ಎಡಗಾಲು ಸುಮ್ನೆ ಕೂತಿರುತ್ತದೆ. ಬಲಗಾಲು ಆಕ್ಸಿಲರೇಟರ್‌ಗೂ ಬ್ರೇಕಿಗೂ ಓಡಾಡುತ್ತಿರುತ್ತದೆ. ಈ ಓಡಾಟ ತಪ್ಪಿದರೆ ಸಮಯ ಉಳಿಯುತ್ತದೆ, ನಿಜ. ಆದರೆ ದೊಡ್ಡ ಲಾಭ ಅದಲ್ಲ.

ಸ್ವಿಫ್ಟ್‌ನಂಥ ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳು. ಸಡಿಲ ಮಣ್ಣಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಅದು ನೇರಕ್ಕೇ ಹೋಗುತ್ತದೆ. ಆಗ ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕನ್ನು ಸ್ವಲ್ಪವೇ ಒತ್ತಬೇಕು. ಭಾರ ಮುಂದಕ್ಕೆ ಬಂದು ಮುಂದಿನ ಟೈರು ಮಣ್ಣು ಕಚ್ಚುತ್ತದೆ. ಎಂಜಿನ್ ತಿರುಗಿಸುತ್ತಲೇ ಇರುವುದರಿಂದ ಆ ಚಕ್ರಗಳು ಸುಲಭಕ್ಕೆ ಲಾಕ್ ಆಗುವುದಿಲ್ಲ. ಹಿಂದಿನ ಚಕ್ರಗಳಿಗೆ ಬರೀ ಬ್ರೇಕು. ಅವು ಪಕ್ಕಕ್ಕೆ ಜಾರುತ್ತವೆ, ಗಾಡಿಯ ಮೂತಿ ತಿರುವಿನ ಒಳಕ್ಕೆ ಬರುತ್ತದೆ. ಫಿನ್ಲೆಂಡಿನ ರೌನೊ ಆಲ್ಟೊನೆನ್ ಮಿನಿ ಕೂಪರ್ ಓಡಿಸುತ್ತಿದ್ದದ್ದು ಹೀಗೆಯೇ. 1967ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಅದೇ ಮಿನಿಯಲ್ಲಿ ಗೆದ್ದರು. ಆಮೇಲೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇದ್ದ ಗಾಡಿಗಳು ಬಂದವು. ಆಕ್ಸಿಲರೇಟರ್ ಬಿಟ್ಟರೆ ಟರ್ಬೊ ಸೋತು, ತಿರುವಿನಾಚೆ ಗಾಡಿ ಎದ್ದೇಳಲು ಹೊತ್ತಾಗುತ್ತಿತ್ತು. ಆಡಿ ಕ್ವಾಟ್ರೊದಲ್ಲಿ ಜರ್ಮನಿಯ ರ‍್ಯಾಲಿ ಚಾಲಕ ವಾಲ್ಟರ್ ರೋರ್ಲ್ ಕೂಡ ಎಡಗಾಲಿಗೇ ಕೆಲಸ ಕೊಟ್ಟರು.

ಹ್ಯಾಂಡ್‌ಬ್ರೇಕ್ ಎಳೆದರೂ ಹಿಂಭಾಗ ಜಾರುತ್ತದೆ ಅಲ್ವಾ? ಜಾರುತ್ತದೆ. ಹೇರ್‌ಪಿನ್‌ಗೆ, ಅಂದರೆ ಯು ಆಕಾರದ ಬಿಗಿ ತಿರುವಿಗೆ, ಅದು ಸಾಕು. ವೇಗದ ತಿರುವಿನಲ್ಲಿ ಎರಡೂ ಕೈ ಸ್ಟೀರಿಂಗ್ ಮೇಲೇ ಇರಬೇಕು.

ವಿರೋಧ: ಈಗಲೇ ಬೇಡ

ಲೆಕ್ಕವೆಲ್ಲ ಸರಿ, ಕಾಲು ಕೇಳಬೇಕಲ್ಲ! ವರ್ಷಗಟ್ಟಲೆ ಕ್ಲಚ್ ತುಳಿದ ಎಡಗಾಲಿಗೆ ಗೊತ್ತಿರುವುದು ತಳದವರೆಗೆ ತುಳಿಯುವುದೊಂದೇ. ಖಾಲಿ ಮೈದಾನದಲ್ಲಿ, ಹಿಂದೆ ಯಾರೂ ಇಲ್ಲದಾಗ, 20 ಕಿ.ಮೀ. ವೇಗದಲ್ಲಿ ಪ್ರಯತ್ನಿಸಿ ನೋಡಿ. ಬೆಲ್ಟ್ ಎದೆಗೆ ಬಿಗಿಯುತ್ತದೆ, ಪಕ್ಕದ ಸೀಟಿನ ಮೇಲಿದ್ದ ನೀರಿನ ಬಾಟಲಿ ಕೆಳಗೆ ಉರುಳುತ್ತದೆ. ಮಾಮೂಲಿ ಸೀಟಿನ ಗಾಡಿಯಲ್ಲಿ ಜಾರದಂತೆ ಮೈಯನ್ನು ಒತ್ತಿ ಹಿಡಿಯುವುದೂ ಇದೇ ಎಡಗಾಲು. ಅದನ್ನು ಎತ್ತಿದರೆ ಸ್ಟೀರಿಂಗಿಗೆ ಜೋತುಬೀಳುತ್ತೇವೆ.

ಗಾಡಿಯೂ ಒಪ್ಪಬೇಕು. ಸಾಮಾನ್ಯ ಪೆಟ್ರೋಲ್ ಗಾಡಿಯಲ್ಲಿ ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬ್ರೇಕಿನ ಬೂಸ್ಟರ್‌ಗೆ ಬಲ ಬರುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆ ವ್ಯಾಕ್ಯೂಮ್ ಇಳಿಯುತ್ತದೆ. ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತದೆ, ಅದೂ ಬೇಕೇಬೇಕಾದ ಹೊತ್ತಿಗೆ. ಪ್ಯಾಡ್ ಕಾದು ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಎಷ್ಟೋ ಹೊಸ ಗಾಡಿಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ನನ್ನೇ ತಗ್ಗಿಸಿಬಿಡುತ್ತದೆ. ಮತ್ತೆ ಮಾರುತಿ ಜಿಪ್ಸಿ ಇದ್ದವರಿಗೆ ಇದರ ಗೊಡವೆಯೇ ಕಡಿಮೆ. ಟೂ ವೀಲ್ ಡ್ರೈವ್‌ನಲ್ಲಿ ಅದನ್ನು ತಳ್ಳುವುದು ಹಿಂದಿನ ಚಕ್ರ. ಹಿಂಭಾಗ ಜಾರಿಸಲು ಆಕ್ಸಿಲರೇಟರೇ ಸಾಕು.

ಕ್ಲಚ್ ಪೆಡಲ್ ಇಲ್ಲದ ಫಾರ್ಮುಲಾ ಒನ್‌ನಲ್ಲೂ ರೂಬೆನ್ಸ್ ಬ್ಯಾರಿಕೆಲ್ಲೊ ಬಹಳ ಕಾಲ ಬಲಗಾಲಲ್ಲೇ ಬ್ರೇಕ್ ಹಿಡಿದರು, ರೇಸನ್ನೂ ಗೆದ್ದರು. ನನ್ನ ಕೇಳಿದರೆ ಮೊದಲ ಸೀಸನ್ನಿಗೆ ಬಲಗಾಲು, ಒಳ್ಳೆಯ ಪ್ಯಾಡು, ಹೊಸ ಬ್ರೇಕ್ ಆಯಿಲ್ ಸಾಕು. ಎಡಗಾಲಿನ ಚಪಲ ಬಿಡದಿದ್ದರೆ ಗೋ-ಕಾರ್ಟ್ ಹತ್ತಿ. ಅಲ್ಲಿ ಕ್ಲಚ್ ಕಾಟವಿಲ್ಲ, ಬ್ರೇಕ್ ಇರುವುದೇ ಎಡಕ್ಕೆ.