ಬೊಂಬೆಯೂ ಹತ್ತದ ಮೆಟ್ಟಿಲು

ನಮ್ಮಲ್ಲಿ ಬೊಂಬೆಗೂ ಮೆಟ್ಟಿಲಿಗೂ ನಂಟು ನವರಾತ್ರಿಯದು. ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಾದರೆ ಸಾಕು. ಬಿಳಿ ಪಂಚೆ ಹಾಸಿ ಪಟ್ಟದ ಬೊಂಬೆಗಳನ್ನು ಕೂರಿಸಿದರೆ ಮುಗಿಯಿತು. ಇಂಗ್ಲಿಷರ ಬೊಂಬೆಮನೆಯ ಗಾಥಿಕ್ (ಚೂಪು ಕಮಾನುಗಳ ಹಳೆಯ ಯುರೋಪಿನ ಶೈಲಿ) ಮೆಟ್ಟಿಲಿನ ಮೇಲೆ ಯಾರೂ ಕೂರುವುದಿಲ್ಲ, ಯಾರೂ ಹತ್ತುವುದೂ ಇಲ್ಲ. ಆದರೂ ತಲೆಮಾರುಗಟ್ಟಲೆ ಜನ ಹತ್ತಿಳಿದು ಸವೆಸಿದಂತೆ ಕಾಣಬೇಕು. ಇಲ್ಲಿ ಅಲಂಕಾರವೆಂದರೆ ಅರ್ಧ ಕೆತ್ತನೆ, ಅರ್ಧ ಕೊಳೆ.

ಲೆಕ್ಕ ಸುಲಭ: ನಿಜದ ಮನೆಯ ಒಂದು ಅಡಿಗೆ ಇಲ್ಲಿ ಒಂದಂಗುಲ, ಅಂದರೆ 1:12. ಕೋಣೆಯ ಎತ್ತರ 10 ಅಂಗುಲ ಎಂದುಕೊಂಡರೆ 15 ಮಿ.ಮೀ.ನ 17 ರೈಸರ್ (ಮೆಟ್ಟಿಲ ನಿಲುವು ಹಲಗೆ) ಬೇಕು. ಕಾಲಿಡುವ ಹಲಗೆ 21 ಮಿ.ಮೀ. ಅಗಲವಿದ್ದರೆ ಮೆಟ್ಟಿಲು 33 ಸೆಂ.ಮೀ.ಗಿಂತ ಉದ್ದಕ್ಕೆ ಚಾಚಿ ಕೋಣೆಯನ್ನೇ ನುಂಗುತ್ತದೆ. ಆದ್ದರಿಂದ ನಡುವೆ ಒಂದು ತಿರುವು ಕೊಡುವುದೇ ಮೇಲು. ತಿರುವಿನಲ್ಲಿ ನಿಲ್ಲುವ ಮೂಲೆಗಂಬ ಗಾಥಿಕ್ ಶೈಲಿಗೂ ಒಪ್ಪುತ್ತದೆ.

ತೊಂದರೆಯೆಂದರೆ, ಅಳತೆ ಕುಗ್ಗಿದರೂ ವಸ್ತುವಿನ ಸ್ವಭಾವ ಕುಗ್ಗುವುದಿಲ್ಲ. ತೇಗದ ಎಳೆ ಮನೆಬಾಗಿಲಿಗೆ ಚೆಂದ; ಇಲ್ಲಿ ಹಾಕಿದರೆ ಗೆದ್ದಲು ಕೊರೆದಂತೆ ಕಾಣುತ್ತದೆ. ಎಳೆಯೇ ಕಾಣದಂಥ ಮರ ಬೇಕು. ಚನ್ನಪಟ್ಟಣದವರು ಆಟಿಕೆ ಕಡೆಯುವ ಹಾಲೆ ಮರ ಕಂಬಕ್ಕೂ ಅದರ ತುದಿಯ ಮೊಗ್ಗಿಗೂ ಚೆನ್ನಾಗಿ ಒಗ್ಗುತ್ತದೆ. ಹೊಳಪಿನ ವಾರ್ನಿಷ್ ಹಚ್ಚಿದರೆ ಯಾರೋ ಆಗತಾನೇ ಬಿಂದಿಗೆ ನೀರು ಚೆಲ್ಲಿದಂತೆ. ಮ್ಯಾಟ್ ಒಂದೇ ಗತಿ. ಬಣ್ಣವನ್ನು ದಪ್ಪಗೆ ಬಳಿದರೆ ಕೆತ್ತನೆಯ ಮೂಲೆಗಳೆಲ್ಲ ಪಾಕ ತುಂಬಿದ ಜಾಮೂನು. ತೆಳ್ಳಗೆ ಮೂರು ಕೋಟು, ನಡುವೆ 320 ನಂಬರಿನ ಉಪ್ಪುಕಾಗದ.

ಕಟಕಟೆಯ ನಾಲ್ಕೆಸಳಿನ ತೂತುಗಳಲ್ಲಿ ಕೈಚಳಕ ಬೇಕು. 3 ಮಿ.ಮೀ.ನ ನಾಲ್ಕು ರಂಧ್ರ ಒಂದರ ಮೇಲೊಂದು ಬರುವಂತೆ ಕೊರೆಯಲು ಹೊರಟರೆ ಡ್ರಿಲ್ ಬಿಟ್ ಮೊದಲಿನ ತೂತಿಗೇ ಜಾರುತ್ತದೆ. ಕೇಂದ್ರಗಳ ನಡುವೆ 3.5 ಮಿ.ಮೀ. ಬಿಟ್ಟು ಕೊರೆದು, ನಡುವೆ ಉಳಿದ ಎಳೆಗೋಡೆಯನ್ನು ಬ್ಲೇಡಿನಿಂದ ಬಿಡಿಸಬೇಕು. ಕೆಳಗೆ ಬೇಡದ ಹಲಗೆಯೊಂದನ್ನು ಒತ್ತಿಟ್ಟಿರದಿದ್ದರೆ ಹಿಂಬದಿ ಸೀಳುತ್ತದೆ. ಚೂಪು ಕಮಾನಿಗಂತೂ ಕೈವಾರ ಸಾಕು: ಅಗಲವೇ ತ್ರಿಜ್ಯ, ಎರಡು ತುದಿಗಳೇ ಕೇಂದ್ರ. 20 ಮಿ.ಮೀ. ಅಗಲಕ್ಕೆ ಎತ್ತರ 17ರ ಚಿಲ್ಲರೆ ತಾನಾಗಿ ಬರುತ್ತದೆ.

ಮರದ ಬಣ್ಣವೇ ಕಾಣಬೇಕೆಂದಿದ್ದರೆ ಸ್ಟೇನ್ (ಮರಕ್ಕೆ ಇಂಗುವ ಬಣ್ಣ) ಮೊದಲು, ಅಂಟು ಆಮೇಲೆ. ಈ ಕ್ರಮ ತಪ್ಪಿದರೆ ಅಂಟು ಸವರಿದ ಕಡೆಯೆಲ್ಲ ಮರ ಬಣ್ಣ ಕುಡಿಯದೆ ತೊನ್ನಿನಂಥ ಬಿಳಿ ಮಚ್ಚೆ ಉಳಿಯುತ್ತದೆ, ಯಾವ ಉಜ್ಜಾಟಕ್ಕೂ ಹೋಗುವುದಿಲ್ಲ. ರಟ್ಟಿನ ಭಾಗಗಳಿಗೆ ಒಂದೇ ಮಗ್ಗುಲು ಬಣ್ಣ ಬಳಿದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಕಾಣದ ಮಗ್ಗುಲಿಗೂ ಬಳಿಯಬೇಕು.

ರಟ್ಟು ಎಂದೊಡನೆ ಮೂಗು ಮುರಿಯುವವರು ಲಂಡನ್ ಬಳಿಯ ಟ್ವಿಕೆನ್‌ಹ್ಯಾಮಿನ ಸ್ಟ್ರಾಬೆರಿ ಹಿಲ್ ಮನೆಯನ್ನು ನೆನೆಯಬೇಕು. 18ನೇ ಶತಮಾನದಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಕಟ್ಟಿಸಿದ ಈ ಮನೆಯಲ್ಲಿ ಮೆಟ್ಟಿಲ ಪಕ್ಕದ ಕಲ್ಲಿನ ಕೆತ್ತನೆ ಕಲ್ಲೇ ಅಲ್ಲ. ಕಾಗದದ ಮೇಲೆ ಬೂದುಬಣ್ಣದಲ್ಲಿ ಬರೆದ ಚಿತ್ರ. ವಾಲ್‌ಪೋಲನ ಗೆಳೆಯ ರಿಚರ್ಡ್ ಬೆಂಟ್ಲಿ ರೂಪಿಸಿದ ಕಟಕಟೆಯ ಕಂಬಗಳ ಮೇಲೆ ಗುರಾಣಿ ಹಿಡಿದ ಚಿಗರೆಗಳು ಕೂತಿವೆ. ನಿಜದ ಮನೆಯವರೇ ಕಾಗದವನ್ನು ಕಲ್ಲೆಂದು ನಂಬಿಸಿದ ಮೇಲೆ ಬೊಂಬೆಮನೆಯವರಿಗೆ ಯಾವ ನಾಚಿಕೆ? ಮ್ಯಾಟ್ ಕಾಗದದ ಮೇಲೆ ಕಮಾನುಗಳನ್ನು ಮುದ್ರಿಸಿ ಗೋಡೆಗೆ ಅಂಟಿಸಬಹುದು. ಇಂಕ್‌ಜೆಟ್ ಮುದ್ರಣವಾದರೆ ನೀರಂಟು ಬೇಡ, ಶಾಯಿ ಹರಡುತ್ತದೆ. ಕಂಬದ ಮೇಲಕ್ಕೆ ಕೇಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಜಿಂಕೆಯೂ ಆದೀತು, ಎತ್ತರ ಒಂದಂಗುಲ ಮೀರದಿದ್ದರೆ.

ತಿರುವಿನ ಕಿಟಕಿಯ ಬಣ್ಣದ ಗಾಜಿಗೆ ಓಎಚ್‌ಪಿ ಶೀಟು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಗ್ಲಾಸ್ ಪೇಂಟು. ಅದನ್ನು ಸೂಪರ್ ಗ್ಲೂನಿಂದ ಅಂಟಿಸಿದರೆ ಆವಿಯೇರಿ ಮಂಜು ಕವಿಯುತ್ತದೆ. ಹಾಸುಗಂಬಳಿಗೆ ಮಖಮಲ್ ಬೇಡ, ಅದರ ರೋಮ ಬೊಂಬೆಯ ಹಿಮ್ಮಡಿ ಮುಳುಗಿಸುವಷ್ಟು ಉದ್ದ. ತೆಳು ನೇಯ್ಗೆಯ 50 ಮಿ.ಮೀ. ರಿಬ್ಬನ್ ಸಾಕು, 17 ರೈಸರ್, 16 ಹಲಗೆ ಸೇರಿ 60 ಸೆಂ.ಮೀ. ತಿರುವಿಗೆ ಬೇರೆ.

ಇನ್ನು ಕೊಳೆ. ಹಲಗೆಯ ನಡುಭಾಗವನ್ನು ಬಣ್ಣಕ್ಕೆ ಮುಂಚೆಯೇ ಅರ್ಧ ಮಿ.ಮೀ. ಉಜ್ಜಿ ಸವೆಸಬೇಕು. ನಿಜದಲ್ಲಿ ಅದು 6 ಮಿ.ಮೀ. ಸವೆತ, ಅದಕ್ಕಿಂತ ಹೆಚ್ಚಾದರೆ ದೋಣಿ. ಬರೀ ಕಪ್ಪು ಬಳಿದರೆ ದೂರದಿಂದ ಗುಹೆಯಂತಿರುತ್ತದೆ. ಕಡುಗಂದು ಬಳಿದು, ಕುಂಚವನ್ನು ಬೂದುಬಣ್ಣದಲ್ಲಿ ಅದ್ದಿ ಚಿಂದಿಯಲ್ಲಿ ಒರೆಸಿ, ಉಳಿದಷ್ಟನ್ನು ಅಂಚುಗಳಿಗಷ್ಟೇ ತಾಕಿಸಬೇಕು. ಒಂದು ಪಾಲು ಕಂದು ಬಣ್ಣಕ್ಕೆ ಎಂಟು ಪಾಲು ನೀರು ಸೇರಿಸಿ ಮೂಲೆಗಳಿಗೆ ಹರಿಸಿದರೆ ಕಸಪೊರಕೆ ತಲುಪದ ಜಾಗ ಸಿದ್ಧ. ಕಡೆಗೆ ಬೂದು ಪೇಸ್ಟಲ್ ಕಡ್ಡಿಯನ್ನು ಕೆರೆದು ಆ ಪುಡಿಯನ್ನು ಉದುರಿಸಿ, ಮ್ಯಾಟ್ ಸ್ಪ್ರೇ ಹೊಡೆದು ಧೂಳನ್ನು ಕೂರಿಸಬೇಕು.

ಆಮೇಲೆ ತಡಮಾಡದೆ ಮುಂದೆ ಗಾಜು ಮುಚ್ಚಬೇಕು. ಏಕೆಂದರೆ ನಮ್ಮ ಮನೆಯ ಅಸಲಿ ಧೂಳು ಬಿದ್ದರೆ ಈ ಅಳತೆಯಲ್ಲಿ ಮೆಟ್ಟಿಲ ಮೇಲೆ ಜಲ್ಲಿ ಸುರಿದಂತೆ ಕಾಣುತ್ತದೆ.