ನೋವುಂಡವನು ಹೋದ ಮೇಲೆ ನೋವಿನ ಲೆಕ್ಕ

ಸಿರಾ ಕಡೆಯ ಗಾರೆ ಮೇಸ್ತ್ರಿಯೊಬ್ಬರ ಅಪಘಾತ ಪರಿಹಾರದ ಅರ್ಜಿಯನ್ನು ನಾನು ಐದು ವರ್ಷಕ್ಕೂ ಮೇಲ್ಪಟ್ಟು ನಡೆಸಿದೆ. 2016ರಲ್ಲಿ ಹೆದ್ದಾರಿಯ ಪಕ್ಕದಲ್ಲಿ ಬೈಕ್ ನಿಲ್ಲಿಸಿಕೊಂಡು ನಿಂತಿದ್ದವರಿಗೆ ಲಾರಿ ಗುದ್ದಿ, ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆಗಳು ಮುರಿದಿದ್ದವು. ರಾಡ್ ಹಾಕಿದರು, ಕೀವಾಯಿತು, ತೆಗೆದು ಮತ್ತೆ ಹಾಕಿದರು. ನಲವತ್ತಮೂರರ ಮನುಷ್ಯ ಆಮೇಲೆ ಸಾರವೆ ಹತ್ತಲಿಲ್ಲ. ಕೆಳಗೆ ಕೂತು ಸಿಮೆಂಟು ಕಲಸುವವರಿಗೆ ಲೆಕ್ಕ ಹೇಳುವ ಕೆಲಸಕ್ಕೆ ಅರ್ಧ ಕೂಲಿ ಸಿಗುತ್ತಿತ್ತು. 2019ರಲ್ಲಿ, ಅವರ ಸಾಕ್ಷ್ಯ ಮುಗಿದು ಮೂಳೆ ವೈದ್ಯರ ಪಾಟೀಸವಾಲು ಬಾಕಿಯಿದ್ದಾಗ, ಒಂದು ಬೆಳಗಿನ ಜಾವ ಮನೆಯಲ್ಲೇ ಎದೆ ಹಿಡಿದುಕೊಂಡು ತೀರಿಕೊಂಡರು.

ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಅವರ ಹೆಂಡತಿ ಆಫೀಸಿಗೆ ಬಂದರು. ಬಟ್ಟೆ ಅಂಗಡಿಯ ಕವರಿನಲ್ಲಿ ಔಷಧಿಯ ಬಿಲ್ಲುಗಳು, ಮೂಲೆ ಮಡಚಿದ ಎಕ್ಸ್‌ರೇ, ನಾನು ಯಾವತ್ತೋ ಬರೆದುಕೊಟ್ಟಿದ್ದ ದಿನಾಂಕದ ಚೀಟಿ ಇದ್ದವು. "ಅವರು ಹೋದ್ರು ಅಂತ ಕೇಸೂ ಹೋಯ್ತಾ ಸಾರ್?" ಎಂದು ಕೇಳಿದರು. "ಪೂರ್ತಿ ಹೋಗಲ್ಲಮ್ಮ, ಅರ್ಧ ಉಳಿಸಿಕೊಳ್ಳಬಹುದು" ಎಂದೆ. "ಯಾವ ಅರ್ಧ?" ಎಂದರು. ಆ ಪ್ರಶ್ನೆಗೆ ಅವತ್ತು ಐದು ನಿಮಿಷದಲ್ಲಿ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವೈಯಕ್ತಿಕ ದಾವೆ ವ್ಯಕ್ತಿಯ ಜೊತೆಗೇ ಸಾಯುತ್ತದೆ ಎಂಬ ಲ್ಯಾಟಿನ್ ಸೂತ್ರವೊಂದನ್ನು ಇಂಗ್ಲಿಷ್ ನ್ಯಾಯಾಲಯಗಳು ಶತಮಾನಗಳ ಕಾಲ ಹಿಡಿದುಕೊಂಡು ಬಂದಿದ್ದವು. ಅದರ ನೆಂಟನಂತಹ ಇನ್ನೊಂದು ನಿಯಮವೂ ಇತ್ತು. 1808ರಲ್ಲಿ ಕುದುರೆ ಕೋಚು ಮಗುಚಿ ಹೆಂಡತಿಯನ್ನು ಕಳೆದುಕೊಂಡ ಗಂಡನೊಬ್ಬ ಪರಿಹಾರ ಕೇಳಿದಾಗ, ಮನುಷ್ಯನ ಸಾವನ್ನು ಸಿವಿಲ್ ಕೋರ್ಟಿನಲ್ಲಿ ಹಾನಿಯೆಂದು ದೂರುವಂತಿಲ್ಲ ಎಂದು ಲಾರ್ಡ್ ಎಲೆನ್‌ಬರೋ ಹೇಳಿದರು. ಆಕೆ ಗಾಯಗೊಂಡು ಬದುಕಿದ್ದ ಸುಮಾರು ಒಂದು ತಿಂಗಳ ಸಾಂಗತ್ಯದ ನಷ್ಟ ಮಾತ್ರ ಲೆಕ್ಕಕ್ಕೆ ಬಂತು. ಅಂದರೆ ಗಾಯಗೊಳಿಸಿದವನಿಗೆ, ಗಾಯಾಳು ಬೇಗ ಸತ್ತಷ್ಟೂ ಅಗ್ಗ. ರೈಲು ಬಂದು ಸಾವುಗಳು ಹೆಚ್ಚಿದ ಮೇಲೆ, 1846ರಲ್ಲಿ, ಅವಲಂಬಿತರಿಗೆ ಪರಿಹಾರ ಕೊಡುವ ಕಾಯಿದೆ ಅಲ್ಲಿ ಬಂತು. ಅದರ ಅಚ್ಚಿನಲ್ಲೇ ನಮ್ಮಲ್ಲಿ 1855ರಲ್ಲಿ ಮಾರಕ ಅಪಘಾತಗಳ ಕಾಯಿದೆ ಬಂತು.

ಆದರೆ ಅದು ಅಪಘಾತದಿಂದಲೇ ಸತ್ತವರ ಮಾತು. ಅಪಘಾತದಲ್ಲಿ ನೋವುಂಡು, ಬದುಕಿ, ದಾವೆ ಹೂಡಿ, ಬೇರೆ ಕಾರಣದಿಂದ ತೀರಿಕೊಂಡವನ ಗತಿ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 306ನೇ ಕಲಮಿನಲ್ಲಿದೆ. ಸತ್ತವನ ಪರವಾಗಿ ಅಥವಾ ಅವನ ವಿರುದ್ಧ ಇದ್ದ ದಾವೆಯ ಹಕ್ಕುಗಳೆಲ್ಲ ಅವನ ಪ್ರತಿನಿಧಿಗಳಿಗೆ ಉಳಿಯುತ್ತವೆ ಎಂದು ಆರಂಭಿಸುವ ಆ ಕಲಂ, ಮಾನಹಾನಿ, ಹಲ್ಲೆ ಮತ್ತು "ಮರಣಕ್ಕೆ ಕಾರಣವಾಗದ ಇತರ ವೈಯಕ್ತಿಕ ಹಾನಿ" ಇವುಗಳನ್ನು ಹೊರಗಿಡುತ್ತದೆ. ಕಲಮಿನ ಕೆಳಗೆ ಕೊಟ್ಟಿರುವ ದೃಷ್ಟಾಂತವನ್ನು ಓದಿದರೆ ವಿಷಯ ಇನ್ನಷ್ಟು ಸ್ಪಷ್ಟ: ನೌಕರನ ಅಲಕ್ಷ್ಯದಿಂದ ಎರಡು ರೈಲು ಗಾಡಿಗಳು ಡಿಕ್ಕಿಯಾಗುತ್ತವೆ, ಪ್ರಯಾಣಿಕನೊಬ್ಬನಿಗೆ ತೀವ್ರ ಪೆಟ್ಟಾಗುತ್ತದೆ, ಆದರೆ ಸಾಯುವಷ್ಟಲ್ಲ, ಆಮೇಲೆ ಅವನು ದಾವೆ ಹೂಡದೆ ಸಾಯುತ್ತಾನೆ, ಅವನ ದಾವೆಯ ಹಕ್ಕು ಉಳಿಯುವುದಿಲ್ಲ. ಹೂಡಿದ ಮೇಲೆ ಸತ್ತರೂ ಫಲ ಅದೇ ಎಂದು ನ್ಯಾಯಾಲಯಗಳು ಹೇಳುತ್ತ ಬಂದವು. ಸೂತ್ರ ಹುಟ್ಟಿದ ಇಂಗ್ಲೆಂಡು 1934ರಲ್ಲೇ ಕಾನೂನು ತಂದು ಗಾಯಾಳುವಿನ ಹಕ್ಕು ಅವನ ಆಸ್ತಿಯ ಭಾಗವಾಗಿ ಉಳಿಯುತ್ತದೆ ಎಂದಿತು. ನಾವು ಮಾತ್ರ ಅವರು ಕಳಚಿಟ್ಟ ಕೋಟನ್ನು ಇನ್ನೂ ತೊಟ್ಟುಕೊಂಡಿದ್ದೇವೆ.

ನಮ್ಮ ಹೈಕೋರ್ಟಿನ ಪೂರ್ಣಪೀಠ 1990ರಲ್ಲಿ, ಕಣ್ಣಮ್ಮ ಪ್ರಕರಣವೆಂದು ವಕೀಲರೆಲ್ಲ ಗುರುತಿಸುವ ತೀರ್ಪಿನಲ್ಲಿ, ವಾಹನ ಅಪಘಾತದ ಗಾಯಾಳು ಅಪಘಾತಕ್ಕೆ ಸಂಬಂಧವಿಲ್ಲದ ಕಾರಣದಿಂದ ತೀರಿಕೊಂಡರೆ ದೈಹಿಕ ಗಾಯದ ಪರಿಹಾರದ ಕೋರಿಕೆಯನ್ನು ವಾರಸುದಾರರು ಮುಂದುವರಿಸಲಾಗದು ಎಂದಿತು. ಬಹಳ ವರ್ಷ ವಿಮಾ ಕಂಪನಿಯ ವಕೀಲರ ಬ್ಯಾಗಿನಲ್ಲಿ ಆ ತೀರ್ಪಿನ ಜೆರಾಕ್ಸ್ ಪ್ರತಿ ಸದಾ ಸಿದ್ಧವಾಗಿರುತ್ತಿತ್ತು. ಮೇಸ್ತ್ರಿಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಜೊತೆ ವಾರಸುದಾರರನ್ನು ಸೇರಿಸಿಕೊಳ್ಳುವ ಅರ್ಜಿ ಹಾಕಿದ ದಿನವೇ ಎದುರಿನವರು ಅದನ್ನು ಮೆಮೊ ಸಮೇತ ಹಾಜರುಪಡಿಸಿದರು. ಅವರನ್ನು ನಾನು ದೂರುವುದಿಲ್ಲ, ಅವರ ಕಕ್ಷಿದಾರರಿಗೆ ಅವರು ಮಾಡಬೇಕಾದ ಕೆಲಸವದು.

ಈ ಕಾನೂನಿನ ವಿಚಿತ್ರ ಏನೆಂದರೆ, ಸತ್ತವನು ಯಾಕೆ ಸತ್ತ ಎಂಬುದರ ಮೇಲೆ ಎಲ್ಲವೂ ನಿಂತುಬಿಡುತ್ತದೆ. ಗಾಯದಿಂದಲೇ ಸತ್ತನೆಂದು ತೋರಿಸಿದರೆ ಅರ್ಜಿ ಮರಣದ ಪರಿಹಾರದ ಅರ್ಜಿಯಾಗಿ ಬದಲಾಗಿ ಹೆಂಡತಿ ಮಕ್ಕಳಿಗೆ ಅವಲಂಬನೆಯ ನಷ್ಟ ಸಿಗುತ್ತದೆ. ತೋರಿಸಲಾಗದಿದ್ದರೆ ಗಾಯದ ಪರಿಹಾರಕ್ಕೂ ಕುತ್ತು. ಮೇಸ್ತ್ರಿಗೆ ಕೊನೆಯ ತಿಂಗಳು ಆ ಕಾಲು ಊದಿಕೊಂಡಿತ್ತು ಎಂದು ಹೆಂಡತಿ ಹೇಳಿದ್ದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಮನುಷ್ಯ ಹಠಾತ್ತನೆ ಸಾಯುವುದುಂಟು ಎಂದು ಯಾವ ವೈದ್ಯರಾದರೂ ಒಪ್ಪುತ್ತಾರೆ. ಆದರೆ ಇವರ ವಿಷಯದಲ್ಲಿ ಹಾಗೇ ಆಯಿತೆಂದು ಹೇಳಬೇಕಾದದ್ದು ಮರಣೋತ್ತರ ಪರೀಕ್ಷೆಯ ವರದಿ. ಮನೆಯಲ್ಲಿ ಸತ್ತವರನ್ನು ಯಾರು ಕೊಯ್ಯಿಸುತ್ತಾರೆ? ಮಧ್ಯಾಹ್ನದೊಳಗೆ ಮಣ್ಣಾಗಿತ್ತು. ಅಪಘಾತದ ಕೇಸು ಬಾಕಿಯಿರುವ ಮನೆಯಲ್ಲಿ ಸಾವಾದರೆ ಹೆಣ ಎತ್ತುವ ಮುಂಚೆ ವಕೀಲರಿಗೊಂದು ಫೋನ್ ಮಾಡಿ ಎಂದು ಕಕ್ಷಿದಾರರಿಗೆ ಹೇಳಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ನಮ್ಮ ಪ್ರಕರಣ ವಾದಕ್ಕೆ ಬರುವ ಹೊತ್ತಿಗೆ, 2021ರ ಆಗಸ್ಟಿನಲ್ಲಿ, ಕಾಹ್ಲೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. 1999ರಲ್ಲಿ ಅಪಘಾತಕ್ಕೊಳಗಾದ ವ್ಯಕ್ತಿ 2015ರಲ್ಲಿ, ಮೇಲ್ಮನವಿ ಬಾಕಿಯಿದ್ದಾಗಲೇ, ತೀರಿಕೊಂಡಿದ್ದ ಪ್ರಕರಣ ಅದು. ಹದಿನಾರು ವರ್ಷ ಎಂಬುದನ್ನು ಗಮನಿಸಿ. ಮೋಟಾರು ವಾಹನ ಕಾಯಿದೆ ಜನರ ಹಿತಕ್ಕಾಗಿ ಮಾಡಿದ ಕಾಯಿದೆಯಾದ್ದರಿಂದ ಅದನ್ನು ಉದಾರವಾಗಿ ಓದಬೇಕು. ವೈಯಕ್ತಿಕ ಗಾಯದ ಬಾಬ್ತು ವ್ಯಕ್ತಿಯೊಂದಿಗೆ ಹೋದರೂ ಅವನ ಆಸ್ತಿಗಾದ ನಷ್ಟದ ಬಾಬ್ತು ಉಳಿಯುತ್ತದೆ ಎಂದು ನ್ಯಾಯಾಲಯ ಹೇಳಿತು. ಔಷಧಿ, ಆಸ್ಪತ್ರೆ, ವೈದ್ಯರ ಶುಲ್ಕ, ಪಥ್ಯದ ಊಟ, ನೋಡಿಕೊಳ್ಳುವವರ ಸಂಬಳ, ಕಳೆದುಹೋದ ಆದಾಯ ಇವೆಲ್ಲ ಆಸ್ತಿಯಿಂದಲೇ ಕರಗಿದ ಹಣ, ಆದ್ದರಿಂದ ವಾರಸುದಾರರು ಕೇಳಬಹುದು. ಆ ಆಧಾರದ ಮೇಲೆ ಮೇಸ್ತ್ರಿಯ ಹೆಂಡತಿಗೆ ಬಿಲ್ಲುಗಳ ಹಣ, ಮೂರು ವರ್ಷದ ಕೂಲಿಯ ಕೊರತೆ, ಬಡ್ಡಿ ಸಿಕ್ಕಿತು. ನೋವು ಮತ್ತು ಸಂಕಟ ಎಂಬ ಶೀರ್ಷಿಕೆಯ ಮುಂದೆ ಸೊನ್ನೆ. ಜೀವನದ ಸೌಖ್ಯದ ನಷ್ಟ ಎಂಬ ಶೀರ್ಷಿಕೆಯ ಮುಂದೆಯೂ ಸೊನ್ನೆ. ಅವರು ಕೇಳಿದ "ಯಾವ ಅರ್ಧ"ದ ಉತ್ತರ ಅದು: ರಸೀದಿ ಇದ್ದ ಅರ್ಧ.

ನೋವನ್ನು ಹೆಂಡತಿ ಅನುಭವಿಸಲಿಲ್ಲ, ಅದಕ್ಕೆ ಅವಳಿಗೇಕೆ ದುಡ್ಡು ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಗಾಯಾಳುವಿನ ಮುಖ ನೋಡದ ದೂರದ ತಮ್ಮನೊಬ್ಬ ವಾರಸುದಾರನಾಗಿ ಬಂದು ಆ ಹಣ ಎಣಿಸಿಕೊಳ್ಳುವುದನ್ನು ನೆನೆದರೆ ಮುಜುಗರವೇ ಆಗುತ್ತದೆ. ಆದರೆ ಈ ವಾದ ಹಣವನ್ನು ಪಡೆಯುವವನ ಕಡೆಯಿಂದ ಮಾತ್ರ ನೋಡುತ್ತದೆ. ಕೊಡಬೇಕಾದವನ ಕಡೆಯಿಂದ ನೋಡಿದರೆ, ಲಾರಿ ಗುದ್ದಿದ ದಿನವೇ ಆ ಸಾಲ ಹುಟ್ಟಿತ್ತು. ಮೊತ್ತ ಬರೆಯುವುದಷ್ಟೇ ಬಾಕಿಯಿತ್ತು. ಕೈಗಡ ಕೊಟ್ಟವನು ಸತ್ತರೆ ಸಾಲಗಾರ ಬಿಡುಗಡೆಯಾಗುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಕೇಳಿ ಮೂರು ವರ್ಷ ದೂಡಿದವರಿಗೆ ಎದುರಾಳಿಯ ಸಾವಿನಿಂದ ರಿಯಾಯಿತಿ ಸಿಗುವುದಾದರೆ, ವಿಳಂಬಕ್ಕೆ ಕಾನೂನೇ ಕಮಿಷನ್ ಕೊಟ್ಟಂತೆ.

ದಿನಾಂಕದ ಆಟ ಇನ್ನೂ ವಿಚಿತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶದ ಪ್ರಕಾರ, ವಾದ ಮುಗಿದು ತೀರ್ಪು ಹೇಳುವುದರೊಳಗೆ ಕಕ್ಷಿದಾರ ಸತ್ತರೆ ದಾವೆ ಅಬೇಟ್ ಆಗುವುದಿಲ್ಲ, ಅಂದರೆ ಆ ಸಾವಿನಿಂದಲೇ ಬಿದ್ದುಹೋಗುವುದಿಲ್ಲ. ಮಾನಹಾನಿಗೆ ಸಂಬಂಧಿಸಿದ 1986ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದ ಹಾಗೆ, ಹಣ ಕೊಡಬೇಕೆಂದು ಕೋರ್ಟಿನ ಡಿಕ್ರಿ ಆದ ಮೇಲೆ ಸತ್ತರೆ ಆ ಡಿಕ್ರಿಯ ಹಣ ಅವನ ಆಸ್ತಿಯಲ್ಲಿ ಸೇರಿಹೋಗುತ್ತದೆ. ಎದುರಾಳಿ ಮೇಲ್ಮನವಿ ಹಾಕಿದರೂ ವಾರಸುದಾರರು ಅದನ್ನು ಕಾಪಾಡಿಕೊಳ್ಳಬಹುದು. ಅದೇ ದಾವೆ ವಜಾ ಆಗಿ, ಸತ್ತವನದೇ ಮೇಲ್ಮನವಿ ಬಾಕಿಯಿದ್ದರೆ ಎಲ್ಲವೂ ಮುಗಿಯಿತು. ಒಂದೇ ಮನುಷ್ಯ, ಒಂದೇ ಹಾನಿ. ಸೋಮವಾರ ಸತ್ತರೆ ಒಂದು ಲೆಕ್ಕ, ಶುಕ್ರವಾರ ಸತ್ತರೆ ಇನ್ನೊಂದು.

ಸಂಸತ್ತು ಇದನ್ನು ಕೊನೆಗೂ ಗಮನಿಸಿತು. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ 166ನೇ ಕಲಮಿಗೆ 5ನೇ ಉಪಕಲಂ ಸೇರಿಸಿತು. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೇರೆ ಯಾವ ಕಾನೂನು ಏನೇ ಹೇಳಲಿ, ಸಾವಿಗೂ ಗಾಯಕ್ಕೂ ನಂಟಿರಲಿ ಇಲ್ಲದಿರಲಿ, ಗಾಯದ ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ ಎಂಬುದು ಅದರ ಸಾರ. ನೂರು ವರ್ಷದ ಜಗಳವನ್ನು ಒಂದು ವಾಕ್ಯ ಮುಗಿಸಿತು ಅನ್ನಬಹುದು. ಆದರೆ ಹಕ್ಕು ಉಳಿಯುತ್ತದೆ ಎಂದ ಉಪಕಲಂ ಎಷ್ಟು ಉಳಿಯುತ್ತದೆ ಎಂದು ಹೇಳಿಲ್ಲ, ಮುಂದಿನ ಜಗಳ ಅಲ್ಲೇ. ನಲವತ್ತಮೂರು ವರ್ಷದವನ ಅಂಗವೈಕಲ್ಯಕ್ಕೆ, ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಲ್ಲಿರುವ ವಯಸ್ಸುವಾರು ಪಟ್ಟಿಯಂತೆ, ವಾರ್ಷಿಕ ನಷ್ಟವನ್ನು 14ರಿಂದ ಗುಣಿಸುತ್ತೇವೆ. ಅವನು ಮೂರೇ ವರ್ಷಕ್ಕೆ ಬೇರೆ ಕಾಯಿಲೆಯಿಂದ ಹೋದರೆ ಗುಣಕ 14 ಆಗಬೇಕೇ, 3 ಆಗಬೇಕೇ? ಗಾಯಾಳುಗಳ ಪರ ನಿಲ್ಲುವ ವಕೀಲನಾಗಿ 14 ಎಂದು ನಾನು ವಾದಿಸಿಯೇನು. ಇಲ್ಲಿ ಕೂತು ಬರೆಯುವಾಗ, ಆದಾಯದ ಲೆಕ್ಕ ಸತ್ತ ದಿನಕ್ಕೆ ನಿಲ್ಲುವುದು ನ್ಯಾಯ ಎನಿಸುತ್ತದೆ. ನೋವಿನ ಲೆಕ್ಕವಾದರೋ ಅವನು ಪಟ್ಟಷ್ಟೂ ಬರಬೇಕು. ನನ್ನ ಜೊತೆಯವರು ಈ ಮಾತಿಗೆ ಸಿಟ್ಟಾಗುತ್ತಾರೆಂದು ಗೊತ್ತು.

ಎದುರಿನ ಕಡೆಯವನು ಸತ್ತರೆ ಏನು ಎಂದು ಹಲವರು ಕೇಳುತ್ತಾರೆ. ವಾಹನದ ಮಾಲೀಕ ತೀರಿಕೊಂಡರೆ ಅದೇ ಕಾಯಿದೆಯ 155ನೇ ಕಲಂ ವಿಮಾ ಕಂಪನಿಯ ಹೊಣೆಯನ್ನು ಹಾಗೆಯೇ ಉಳಿಸುತ್ತದೆ. ವಿಮೆ ಇಲ್ಲದಿದ್ದರೆ ಮಾಲೀಕನ ಮಕ್ಕಳು ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆಗಾರರು; ಅವರ ಸ್ವಂತ ಸಂಪಾದನೆಗೆ ಕೈ ಹಾಕುವಂತಿಲ್ಲ. ಇನ್ನೊಂದು ಮಾತು ಮರೆಯಬಾರದು: ಸಿವಿಲ್ ದಾವೆಯಲ್ಲಿ ಯಾವ ಕಡೆಯವರು ಸತ್ತರೂ ವಾರಸುದಾರರನ್ನು ತರಲು 90 ದಿನ, ತಪ್ಪಿದರೆ ಅಬೇಟ್ ಆದುದನ್ನು ರದ್ದುಪಡಿಸಿಕೊಳ್ಳಲು ಇನ್ನು 60 ದಿನ, ಅದೂ ಮೀರಿದರೆ ವಿಳಂಬ ಮನ್ನಾ ಮಾಡಿ ಎಂದು ಕಾರಣ ಸಮೇತ ಬೇಡಿಕೊಳ್ಳಬೇಕು.

ನನ್ನ ತಕರಾರು ಇರುವುದು ರಸ್ತೆಯ ಆಚೆಗೆ. 166ನೇ ಕಲಂ ಮೋಟಾರು ವಾಹನಕ್ಕೆ ಮಾತ್ರ. ಅದೇ ಕಾಲು ಪಕ್ಕದ ಮನೆಯ ಗೋಡೆ ಕುಸಿದು ಮುರಿದಿದ್ದರೆ, ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಸುಟ್ಟಿದ್ದರೆ, ಮುಚ್ಚಳವಿಲ್ಲದ ಚರಂಡಿಗೆ ಬಿದ್ದು ಮುರಿದಿದ್ದರೆ, ಗಾಯಾಳು ಕೋರ್ಟ್ ಶುಲ್ಕ ಕಟ್ಟಿ ಸಿವಿಲ್ ದಾವೆ ಹೂಡಬೇಕು, ಮತ್ತು ಅಲ್ಲಿ 306ನೇ ಕಲಂ ಇವತ್ತಿಗೂ 1925ರ ಮಾತನ್ನೇ ಆಡುತ್ತದೆ. ಆಸ್ತಿಯ ನಷ್ಟವನ್ನು ವಾದ ಮಾಡಿ ಉಳಿಸಿಕೊಳ್ಳಬಹುದು, ನೋವಿನ ಪರಿಹಾರವನ್ನು ಉಳಿಸಿಕೊಳ್ಳಲಾಗದು. ಹಾನಿ ಮಾಡಿದ್ದಕ್ಕೆ ಚಕ್ರ ಇತ್ತೇ ಇರಲಿಲ್ಲವೇ ಎಂಬುದು ಸತ್ತವನ ನೋವಿನ ಬೆಲೆಯನ್ನು ನಿರ್ಧರಿಸುವುದು ಯಾವ ತರ್ಕ? ಉತ್ತರಾಧಿಕಾರ ಅಧಿನಿಯಮದಿಂದ ಆ ಕೆಲವು ಪದಗಳನ್ನು ಕಿತ್ತುಹಾಕಿದರೆ ಸಾಕು. ಬೊಕ್ಕಸಕ್ಕೆ ಪೈಸೆಯ ಖರ್ಚಿಲ್ಲ. ಆದರೆ ಸತ್ತ ಅರ್ಜಿದಾರರು ಮನವಿ ಪತ್ರ ಹಿಡಿದು ವಿಧಾನಸೌಧಕ್ಕಾಗಲಿ ದೆಹಲಿಗಾಗಲಿ ಹೋಗುವುದಿಲ್ಲ.

ಈಗ ನನ್ನ ಬಳಿ ಇರುವ ದಾವೆಯೊಂದರಲ್ಲಿ ವಾದಿಗೆ ಎಪ್ಪತ್ತೊಂದು ವರ್ಷ. ಹೊಲದ ಬದುವಿನಲ್ಲಿ ಹರಿದುಬಿದ್ದಿದ್ದ ತಂತಿ ತುಳಿದು ಎಡಗೈ ಮೊಣಕೈವರೆಗೆ ಹೋಗಿದೆ. ಪ್ರತಿ ವಾಯಿದೆಗೂ ಬಸ್ಸು ಹತ್ತಿ ಬಂದು, ಅಂಗಿಯ ಖಾಲಿ ತೋಳನ್ನು ಜೇಬಿಗೆ ಸಿಕ್ಕಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. "ನಾನು ಇರೋದ್ರೊಳಗೆ ಮುಗೀತದಾ ಸ್ವಾಮಿ?" ಎಂದು ಕಳೆದ ಸಲ ಕೇಳಿದರು. ವಯಸ್ಸಿನ ಕಾರಣ ಕೊಟ್ಟು ಶೀಘ್ರ ವಿಚಾರಣೆಗೆ ಅರ್ಜಿ ಹಾಕಿದ್ದೇನೆ. ಅದಕ್ಕೆ ತಕರಾರು ಸಲ್ಲಿಸಲು ಎದುರಿನವರು ಕಾಲಾವಕಾಶ ಕೇಳಿದ್ದಾರೆ.